ನೀರಿಳಿಸುವ ನೆಲಹಾಸು (ವಿಮಾನ ನಿಲ್ದಾಣ)

ಮಳೆನೀರನ್ನು ತನ್ನೊಳಗಿನ ಸಂದುಗಳ ಮೂಲಕ ಕೆಳಕ್ಕೆ ಇಲ್ಲವೆ ಪಕ್ಕಕ್ಕೆ ಹರಿಯಬಿಡುವ ಹಾಸು. ರನ್‌ವೇಯಲ್ಲಿ ಇದು ನೀರು ಹೊಗದ ಡಾಂಬರು ಪದರದ ಮೇಲಿನ ತೆಳು ಹೊದಿಕೆ. ನೀರು ನಿಂತು ಚಕ್ರ ಜಾರುವುದನ್ನು ತಡೆಯುವುದು ಉದ್ದೇಶ. ಬ್ರಿಟನ್ನಿನ ವಾಯುನೆಲೆಗಳಲ್ಲಿ ಮೊದಲು ಬಳಕೆಗೆ ಬಂತು.

ಬಾಳಿಕೆಯನ್ನು ನಿರ್ಧರಿಸುವುದರಲ್ಲಿ ಜಲ್ಲಿಯ ಪಾತ್ರ ದೊಡ್ಡದು. ಅದು ಬಹುತೇಕ ಒಂದೇ ಗಾತ್ರದ್ದು, ಮೂಲೆಯುಳ್ಳದ್ದು, ಸವೆಯದಂಥದ್ದು ಆಗಿರಬೇಕು. ಪುಡಿ ಹೆಚ್ಚಾದರೆ ಸಂದು ಮುಚ್ಚುತ್ತದೆ. ಮೇಲುಕೋಟೆ ಸೀಮೆ ಸೇರಿದಂತೆ ದಕ್ಷಿಣ ಕರ್ನಾಟಕದಲ್ಲಿ ಹೇರಳವಾದ ಗ್ರಾನೈಟ್, ಗ್ನೈಸ್ ಕಲ್ಲುಗಳು ಗಟ್ಟಿ. ಆದರೆ ಸಿಲಿಕಾ ಹೆಚ್ಚಿರುವುದರಿಂದ ನೀರು ತಗುಲಿದಾಗ ಡಾಂಬರು ಅವುಗಳಿಂದ ಬಿಟ್ಟುಕೊಳ್ಳಬಹುದು. ಅದಕ್ಕೆ ಅರಳಿಸಿದ ಸುಣ್ಣ ಬೆರೆಸುವುದು ಒಳ್ಳೆಯ ಪರಿಹಾರ. ಕರಾವಳಿಯ ಮುರಕಲ್ಲು ಮೆದುವಾದ್ದರಿಂದ ಇದಕ್ಕೆ ಒದಗದು. ಅಂಟಿಗೆ ಪಾಲಿಮರ್ ಬೆರೆತ ಡಾಂಬರು ಯೋಗ್ಯ. ಬಿಸಿ ಮಿಶ್ರಣದಿಂದ ಅದು ಸೋರದಂತೆ ನಾರು ಸೇರಿಸುತ್ತಾರೆ.

ಇಂಧನ ಚೆಲ್ಲಿದರೆ ಡಾಂಬರು ಕರಗುವುದರಿಂದ ವಿಮಾನ ತಂಗುವ ಅಂಗಳಕ್ಕೆ ಈ ಹಾಸು ಸಲ್ಲದು. ಮಣ್ಣಿಗೇ ನೀರಿಂಗಿಸುವ ಬಗೆ ವಾಹನ ನಿಲುಗಡೆಗೆ, ಕಾಲುದಾರಿಗೆ ಹೊಂದುತ್ತದೆ. ಮಂಗಳೂರಿನಂತೆ ಮುಂಗಾರು ಬಿರುಸಾಗಿರುವ, ಗುಡ್ಡದ ಮೇಲಿನ ನಿಲ್ದಾಣಗಳಲ್ಲಿ ರನ್‌ವೇ ನೀರು ಬೇಗ ಇಳಿಯುವುದು ಸುರಕ್ಷತೆಗೆ ಅತ್ಯಗತ್ಯ. ಟೈರಿನ ರಬ್ಬರು ಸಂದುಗಳನ್ನು ಕಟ್ಟುವುದರಿಂದ ನಿಯತ ಶುಚಿಗೊಳಿಸುವಿಕೆ ಬೇಕಾಗುತ್ತದೆ.