ಸಂತ ಅಂದ್ರೆಯರ ಧರ್ಮಕೇಂದ್ರ, ಬಾಂದ್ರಾ

ಮುಂಬಯಿ ಮಹಾಧರ್ಮಪ್ರಾಂತ್ಯದ ಪ್ರಾಚೀನ ಕಥೋಲಿಕ ಧರ್ಮಕೇಂದ್ರಗಳಲ್ಲೊಂದು. ಬಾಂದ್ರಾ ಪಶ್ಚಿಮದ ಹಿಲ್ ರಸ್ತೆಯಲ್ಲಿ, ಕಡಲಿಗೆ ಸಮೀಪದಲ್ಲಿದೆ. ಪೋರ್ಚುಗೀಸರ ಆಳ್ವಿಕೆಯಲ್ಲಿ, 1575ರಲ್ಲಿ, ಯೇಸುಸಭೆಯ ಗುರುಗಳು ಈ ಇಗರ್ಜಿಯನ್ನು ಕಟ್ಟಿಸಿದರು. ಬೆಸ್ತನಾಗಿದ್ದು ಯೇಸುವಿನ ಶಿಷ್ಯನಾದ ಸಂತ ಅಂದ್ರೆಯ ಇದರ ಪಾಲಕ. ಕೋಳಿ ಸಮುದಾಯದ ಬೆಸ್ತರ ಊರಿಗೆ ಈ ಹೆಸರು ಸಹಜವಾಗಿಯೇ ಒಪ್ಪಿತು. ಪಾಲಕರ ಹಬ್ಬ ನವೆಂಬರ್ 30.

1739ರಲ್ಲಿ ಬಾಂದ್ರಾ ಸೇರಿದ್ದ ಸಾಷ್ಟಿ ದ್ವೀಪ ಮರಾಠರ ವಶವಾಯಿತು, 1774ರಲ್ಲಿ ಬ್ರಿಟಿಷರ ಕೈಸೇರಿತು. ಆಳುವವರು ಬದಲಾದರೂ ಇಲ್ಲಿನ ಭಕ್ತರ ಪರಂಪರೆ ಕಡಿಯಲಿಲ್ಲ. ಅಂಗಳದಲ್ಲಿರುವ ಎತ್ತರದ ಕಲ್ಲಿನ ಶಿಲುಬೆ ಮೊದಲು ಬಾಂದ್ರಾದ ಸಂತ ಅನ್ನಮ್ಮನವರ ಹೆಸರಿನ ಯೇಸುಸಭೆಯ ವಿದ್ಯಾಲಯದಲ್ಲಿತ್ತು. ಅದರ ಮೈತುಂಬ ಕ್ರಿಸ್ತನ ಯಾತನೆಯ ಕುರುಹುಗಳನ್ನು ಕೆತ್ತಲಾಗಿದೆ. ಪಕ್ಕದಲ್ಲೇ ಊರಿನ ಹಲವು ತಲೆಮಾರುಗಳು ಮಲಗಿರುವ ಸ್ಮಶಾನವಿದೆ.

ಸಮೀಪದ ಗುಡ್ಡದ ಮೌಂಟ್ ಮೇರಿ ಬೆಸಿಲಿಕಾದೊಂದಿಗೆ ಈ ಇಗರ್ಜಿಗೆ ಹಳೆಯ ನಂಟು. ಅಲ್ಲಿ ಕೆಲಕಾಲ ಪೂಜೆಗೊಂಡ ‘ನಾವಿಕರ ಮಾತೆ’ಯ ವಿಗ್ರಹ ಈಗ ಇಲ್ಲಿದೆ. ಮೂಲನಿವಾಸಿ ‘ಈಸ್ಟ್ ಇಂಡಿಯನ್’ ಕ್ರೈಸ್ತ ಸಮುದಾಯದ ಜೊತೆಗೆ, 20ನೆಯ ಶತಮಾನದಲ್ಲಿ ಗೋವೆಯಿಂದಲೂ ಮಂಗಳೂರಿನಿಂದಲೂ ಬಂದ ಕೊಂಕಣಿ ಕುಟುಂಬಗಳು ಬಾಂದ್ರಾದ ಕ್ರೈಸ್ತ ಬದುಕನ್ನು ಬೆಳೆಸಿದವು. ನಾಲ್ಕೂವರೆ ಶತಮಾನ ದಾಟುತ್ತಿರುವ ಈ ಇಗರ್ಜಿ ಹಳೆಯ ಬಾಂದ್ರಾ ಗ್ರಾಮದ ಜೀವಂತ ನೆನಪು.