ಕಂಪ್ಯೂಟರ್ ಕಳಿಸಿದ ಪ್ರವಾಹದ ಎಚ್ಚರಿಕೆ ತಪ್ಪಾಗುವುದೇ ಇಲ್ಲವೇ?

ಸಾರಾಂಶ

‘ಇದು ಕಂಪ್ಯೂಟರ್ ತಾನಾಗಿಯೇ ಕಳಿಸಿದ ಮೆಸೇಜ್, ತಪ್ಪಿರಲು ಸಾಧ್ಯವಿಲ್ಲ’ ಎಂದು ಹಲವರು ನಂಬುತ್ತಾರೆ. ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಮೂಲಕ ನಾವು ಇದನ್ನು ಪರಿಶೀಲಿಸಿದ್ದೇವೆ. ಈ ನಂಬಿಕೆ ತಪ್ಪು.

ಇದು ಯಾಕೆ ಮುಖ್ಯ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಮಳೆಗಾಲ ಬಂತೆಂದರೆ ಎಲ್ಲರ ಕಣ್ಣು ಕ್ಯುಸೆಕ್ ಅಂಕಿಯ ಮೇಲೆ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜ್‌ನಿಂದ ಬರುವ ನೀರಿಗೆ ದೂಧಗಂಗಾ ನದಿಯ ನೀರು ಸೇರಿದರೆ ಕಲ್ಲೋಳ ಬಳಿ ಕೃಷ್ಣೆಯ ಹರಿವು ಸಿಗುತ್ತದೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 2005, 2019ರ ಪ್ರವಾಹ ಕಂಡವರಿಗೆ ಈ ಅಂಕಿ ಎಂದರೆ ದನಕರು ಯಾವಾಗ ಬಿಚ್ಚಿಕೊಂಡು ಹೊರಡಬೇಕು ಎಂಬ ಲೆಕ್ಕ.

ನಾವು ಪರಿಶೀಲಿಸಿದ್ದೇನು?

ಶೆಲ್ ಸ್ಕ್ರಿಪ್ಟ್ ಎಂದರೆ ಯುನಿಕ್ಸ್, ಲಿನಕ್ಸ್ ಕಂಪ್ಯೂಟರ್‌ಗಳಿಗೆ ಸಾಲುಸಾಲಾಗಿ ಬರೆದುಕೊಟ್ಟ ಆಜ್ಞೆಗಳು. ನಮ್ಮ ಷರತ್ತು ಸರಳ: ಹರಿವು 1,20,000 ಕ್ಯುಸೆಕ್ ಮೀರಿದರೆ ‘ಅಪಾಯ’, ಇಲ್ಲದಿದ್ದರೆ ‘ಅಪಾಯವಿಲ್ಲ’. ಈ ಮಿತಿ ಉದಾಹರಣೆಗೆ ಮಾತ್ರ.

1. [ 98000 > 120000 ] ಎಂದು ಬರೆದೆವು. ಉತ್ತರ: ಅಪಾಯ! ಶೆಲ್‌ನಲ್ಲಿ > ಚಿಹ್ನೆಗೆ ‘ಫೈಲ್‌ಗೆ ಬರೆ’ ಎಂಬ ಅರ್ಥವಿದೆ. ಹಾಗಾಗಿ 120000 ಹೆಸರಿನ ಖಾಲಿ ಫೈಲ್ ಹುಟ್ಟಿತು. ಆವರಣದೊಳಗೆ ಉಳಿದದ್ದು 98000 ಮಾತ್ರ. ಏನೋ ಒಂದು ಇದೆಯಲ್ಲ ಎಂದು ಶೆಲ್ ‘ಹೌದು’ ಎಂದಿತು. ಅಲ್ಲಿ 5 ಇದ್ದರೂ ಇದೇ ಉತ್ತರ.

2. ಬ್ಯಾಷ್ ಶೆಲ್‌ನಲ್ಲಿ [[ 98000 > 120000 ]] ಎಂದಾಗಲೂ ‘ಅಪಾಯ’. ಇಲ್ಲಿ ಹೋಲಿಕೆ ನಡೆಯುವುದು ನಿಘಂಟಿನ ಕ್ರಮದಲ್ಲಿ. ಮೊದಲ ಅಂಕಿ 9, ಅದು 1ಕ್ಕಿಂತ ಮುಂದೆ. ಅಲ್ಲಿಗೆ ಲೆಕ್ಕ ಮುಗಿಯಿತು.

3. ಸಂಖ್ಯೆಗಳಿಗೆಂದೇ ಇರುವ ‘-ಜಿಟಿ’ ಬಳಸಿ, ಹರಿವನ್ನು ನಾವು ರೂಢಿಯಲ್ಲಿ ಬರೆಯುವಂತೆ 1,50,000 ಎಂದು ಕೊಟ್ಟೆವು. ಅಲ್ಪವಿರಾಮ ಇದ್ದುದರಿಂದ ಶೆಲ್ ಅದನ್ನು ಸಂಖ್ಯೆ ಎಂದೇ ಒಪ್ಪಲಿಲ್ಲ. ದೋಷದ ಸಾಲು ತೋರಿಸಿ, ಷರತ್ತು ಸುಳ್ಳೆಂದು ಬಗೆದು ‘ಅಪಾಯವಿಲ್ಲ’ ಎಂದಿತು. ಅಂಕಿಯ ಜಾಗ ಖಾಲಿ ಬಿಟ್ಟಾಗಲೂ ಅದೇ. ಮೊದಲೆರಡು ತಪ್ಪುಗಳು ನಿದ್ದೆ ಕೆಡಿಸುತ್ತವೆ, ಇದು ಜೀವಕ್ಕೇ ಕುತ್ತು ತರಬಹುದು.

ತಪ್ಪು ಹಿಡಿಯುವುದು ಹೇಗೆ?

ಸ್ಕ್ರಿಪ್ಟ್ ಅನ್ನು ‘ಬ್ಯಾಷ್ -ಎಕ್ಸ್’ ಮೂಲಕ ನಡೆಸಿದರೆ ಪ್ರತಿ ಷರತ್ತೂ ನಿಜವಾದ ಅಂಕಿಯೊಂದಿಗೆ ಪರದೆಯ ಮೇಲೆ ಕಾಣುತ್ತದೆ. ಮೊದಲ ಪ್ರಯೋಗದಲ್ಲಿ ಕಂಡದ್ದು 98000 ಮಾತ್ರ, ಮಿತಿಯೇ ಮಾಯ! ಹೋಲಿಸುವ ಮೊದಲು ಅಲ್ಪವಿರಾಮ ತೆಗೆಯಬೇಕು. ಬಂದದ್ದು ಸಂಖ್ಯೆ ಅಲ್ಲದಿದ್ದರೆ ‘ಮಾಹಿತಿ ಇಲ್ಲ’ ಎನ್ನಬೇಕೇ ಹೊರತು ‘ಅಪಾಯವಿಲ್ಲ’ ಎನ್ನಬಾರದು. ಮಿತಿಗಿಂತ ಒಂದು ಕಡಿಮೆ, ಸರಿಸಮ, ಒಂದು ಹೆಚ್ಚು — ಮೂರನ್ನೂ ಕೊಟ್ಟು ಪರೀಕ್ಷಿಸಬೇಕು.

ನೀವು ಏನು ಮಾಡಬಹುದು?

ಫಾರ್ವರ್ಡ್ ಒತ್ತುವ ಮೊದಲು ಮೆಸೇಜ್‌ನಲ್ಲಿ ಸ್ಥಳ, ದಿನಾಂಕ, ಸಮಯ, ಕ್ಯುಸೆಕ್ ಅಂಕಿ ಇದೆಯೇ ನೋಡಿ. ಅಂಕಿಗೂ ಎಚ್ಚರಿಕೆಗೂ ತಾಳೆಯಾಗದಿದ್ದರೆ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ನೀರು ಏರುವುದು ಕಣ್ಣಿಗೇ ಕಾಣುತ್ತಿದ್ದರೆ ಯಾವ ಮೆಸೇಜ್‌ಗೂ ಕಾಯಬೇಡಿ.

ತೀರ್ಮಾನ

ಕಂಪ್ಯೂಟರ್ ತಾನಾಗಿ ಕಳಿಸಿದ್ದು ಎಂಬ ಕಾರಣಕ್ಕೇ ಸಂದೇಶ ಸರಿಯಾಗುವುದಿಲ್ಲ. ಷರತ್ತು ಬರೆದವರು ಮನುಷ್ಯರೇ.