ಕಾಸು ತೆಗೆದುಕೊಳ್ಳಲಿಲ್ಲವಲ್ಲ!

ರೆಡ್‌ವುಡ್ ಸಿಟಿಯ ಗ್ರಂಥಾಲಯದ ಕೋಣೆಯಲ್ಲಿ ನಾವು ಕೆಲವರು ಕನ್ನಡ ಓದಲು ಸೇರುತ್ತೇವೆ. ಒಮ್ಮೆ ಊರಿನ ಮಾಸಪತ್ರಿಕೆಯೊಂದರ ಲೇಖನವನ್ನು ಪೂರ್ತಿ ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚಿದೆ. "ಬರೆದವರನ್ನು ಕೇಳಿದಿರಾ?" ಎಂದರು ಹಿರಿಯರೊಬ್ಬರು. "ಕಾಸು ತೆಗೆದುಕೊಳ್ಳಲಿಲ್ಲವಲ್ಲ ಸರ್" ಎಂದೆ. ಲೆಕ್ಕಪರಿಶೋಧಕನ ಬಾಯಲ್ಲಿ ಬರಬಾರದ ಉತ್ತರ. ನನ್ನ ಪುಸ್ತಕದಲ್ಲಿ ಜಮೆ ಇಲ್ಲವೆಂದರೆ ಇನ್ನೊಬ್ಬರ ಪುಸ್ತಕದಲ್ಲಿ ನಷ್ಟ ಇಲ್ಲವೆಂದಲ್ಲ.

ಸರಿಯಾದ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದು ಉಡುಪಿಯ ಒಂದು ಮೊಕದ್ದಮೆ. ಶಿವರಾಮ ಕಾರಂತರು 1994ರ ಉಯಿಲಿನಲ್ಲಿ ತಮ್ಮ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಬರೆದಿಟ್ಟು, 1997ರಲ್ಲಿ ತೀರಿಕೊಂಡರು. 2001ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಕಾರಂತರ ಯಕ್ಷಗಾನ ಬ್ಯಾಲೆ ಅನುಮತಿಯಿಲ್ಲದೆ ಪ್ರದರ್ಶನವಾಯಿತೆಂದು ಮಲ್ಯ ಅವರು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಮೇಲೆ ದಾವೆ ಹೂಡಿದರು. ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲೂ ಹೈಕೋರ್ಟಿನಲ್ಲೂ ಅವರೇ ಗೆದ್ದರು. 2009ರ ಜನವರಿ 23ರಂದು ಸುಪ್ರೀಂ ಕೋರ್ಟು ಪ್ರತಿಬಂಧಕಾಜ್ಞೆಯನ್ನು ಉಳಿಸಿಕೊಂಡೇ ಒಂದು ಕಿಟಕಿ ತೆರೆಯಿತು: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವ ಪ್ರದರ್ಶನಕ್ಕೆ ಈ ಆಜ್ಞೆ ಅಡ್ಡಿಯಲ್ಲ. ವಿದ್ಯಾಸಂಸ್ಥೆಯ ಚಟುವಟಿಕೆಯಾಗಿ ವಿದ್ಯಾರ್ಥಿಗಳು ಆಡುವುದು, ಹವ್ಯಾಸಿ ತಂಡ ಟಿಕೆಟ್ಟಿಲ್ಲದ ಸಭೆಯ ಮುಂದೆ ಆಡುವುದು ಅಂಥವು.

ಕಿಟಕಿ ತೆರೆದದ್ದು ಆಡುವುದಕ್ಕೆ. ನಕಲು ಮಾಡಿ ಹಂಚುವುದಕ್ಕಲ್ಲ. ಅಮೆರಿಕದ 1976ರ ಕಾಯ್ದೆಯೂ ಹೆಚ್ಚುಕಡಿಮೆ ಹೀಗೆಯೇ. ಓದುವವರಿಗೆ ಸಂಭಾವನೆಯಿಲ್ಲದೆ, ಪ್ರವೇಶ ಶುಲ್ಕವಿಲ್ಲದೆ, ಲಾಭದ ಉದ್ದೇಶವಿಲ್ಲದೆ, ನಾಟಕವಲ್ಲದ ಬರಹವನ್ನು ಸಭೆಯಲ್ಲಿ ಓದಲು 110ನೇ ಸೆಕ್ಷನ್ ಬಿಡುತ್ತದೆ. ನಕಲಿಗಾದರೆ 107ನೇ ಸೆಕ್ಷನ್ನಿನ ನಾಲ್ಕು ಪ್ರಶ್ನೆಗಳಿವೆ: ಯಾವ ಉದ್ದೇಶಕ್ಕೆ, ಎಂಥ ಕೃತಿ, ಅದರಲ್ಲಿ ಎಷ್ಟು ಭಾಗ, ಅದರ ಮಾರುಕಟ್ಟೆಗೆ ಎಷ್ಟು ಪೆಟ್ಟು. ತೈಲ ಕಂಪನಿ ಟೆಕ್ಸಾಕೊದ ವಿಜ್ಞಾನಿಯೊಬ್ಬರು ಎಂಟು ಸಂಶೋಧನಾ ಲೇಖನಗಳನ್ನು ತಮ್ಮ ಕಡತಕ್ಕೆಂದು ನಕಲು ಮಾಡಿಸಿಟ್ಟಿದ್ದರು, ಒಂದನ್ನೂ ಮಾರಿರಲಿಲ್ಲ. ಆದರೂ 1994ರಲ್ಲಿ ನ್ಯೂಯಾರ್ಕಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಕಂಪನಿಯ ವಿರುದ್ಧ ತೀರ್ಪಿತ್ತಿತು. ಲೇಖನವೆಂದರೆ ಸಂಚಿಕೆಯ ಒಂದು ತುಣುಕಲ್ಲ, ಪ್ರತಿಯೊಂದೂ ಪೂರ್ಣ ಕೃತಿ ಎಂದಿತು. ಲೈಸೆನ್ಸ್ ಶುಲ್ಕ ಕಟ್ಟಿ ನಕಲು ಮಾಡಿಸುವ ವ್ಯವಸ್ಥೆ ಆಗಲೇ ಇದ್ದದ್ದರಿಂದ, ಪ್ರಕಾಶಕರಿಗೆ ಆ ಶುಲ್ಕ ತಪ್ಪಿದ್ದೂ ನಷ್ಟವೆಂದೇ ಲೆಕ್ಕಕ್ಕೆ ಬಂತು.

ಲಾಭ ನೋಡುವ ಕಂಪನಿಗೂ ನಮ್ಮ ಪುಟ್ಟ ಕೂಟಕ್ಕೂ ವ್ಯತ್ಯಾಸವಿದೆ, ನಿಜ. ಆದರೆ ನಾನು ಹಂಚಿದ್ದೂ ಲೇಖನವನ್ನು ಪೂರ್ತಿಯಾಗಿಯೇ. ಕನ್ನಡದ ಸಣ್ಣ ಪತ್ರಿಕೆಗಳು ಬದುಕುವುದು ಚಂದಾದಾರರಿಂದ, ಅವರಲ್ಲಿ ಕೆಲವರನ್ನು ನನ್ನ ಜೆರಾಕ್ಸೇ ತಪ್ಪಿಸಿರಬಹುದು.

ಈಗ ನಮ್ಮ ಕೂಟದಲ್ಲಿ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತೇವೆ. ಗಮಕದ ನಾಡಿನಿಂದ ಬಂದವರಿಗೆ ಇದೇನು ಹೊಸದಲ್ಲ. ಮನೆಗೆ ಒಯ್ಯಬೇಕೆನಿಸಿದವರಿಗೆ ನಾನು ಕೊಡುವುದು ಪತ್ರಿಕೆಯ ಚಂದಾ ವಿಳಾಸ ಮಾತ್ರ.